ಒಂದು ಮೀಟರು ಜಾಗ

ಕರ್ನಾಟಕದಿಂದ ಹೈದರಾಬಾದಿಗೆ ಬಂದು ನೆಲೆಸುವವರು ಮನೆಯ ಮಾತು ತೆಗೆದೊಡನೆ ಮೊದಲು ಕಲಿಯಬೇಕಾದುದು ಹೊಸ ಲೆಕ್ಕವನ್ನು. ಬೆಂಗಳೂರಿನ ‘ಸೈಟು’ ಇಲ್ಲಿ ‘ಪ್ಲಾಟ್’. ಕಟ್ಟಿದ ಮನೆಯಾದರೆ ‘ಫ್ಲಾಟ್’. ದಲ್ಲಾಳಿ ದೂರವಾಣಿಯಲ್ಲಿ ಹೇಳಿದ್ದು ಯಾವುದೆಂದು ತಿಳಿಯದೆ ಖಾಲಿ ಜಾಗ ನೋಡಲು ಹೊರಟು ನಾಲ್ಕನೆಯ ಮಹಡಿ ಹತ್ತಿದವರನ್ನು ನಾವು ಬಲ್ಲೆವು. ಅಳತೆ ಚದರಡಿಯಲ್ಲಲ್ಲ, ಗಜದಲ್ಲಿ. ಒಂದು ಚದರ ಗಜಕ್ಕೆ ಒಂಬತ್ತು ಚದರಡಿ; ನಮ್ಮವರ ಮೂವತ್ತು-ನಲವತ್ತರ ಸೈಟು ಇಲ್ಲಿ 133 ಗಜಕ್ಕಿಳಿದು ಬಡವಾಗಿ ಕಾಣುತ್ತದೆ. ಗುಂಟೆ ಮಾತ್ರ ಎರಡೂ ಕಡೆ ಒಂದೇ: 121 ಗಜ, ನಲವತ್ತು ಗುಂಟೆಗೆ ಒಂದು ಎಕರೆ.

ನಮ್ಮ ಬಳಗದಲ್ಲಿ ಮನೆ ಕೊಳ್ಳಹೊರಟವರು, ಇರುವ ಮನೆಯ ಮೇಲೆ ಮಹಡಿ ಏರಿಸಬೇಕೆಂದಿರುವವರು ಈಚೆಗೆ ನಮ್ಮನ್ನು ವಿಚಾರಿಸುವುದುಂಟು. ನಾವು ಎಂಜಿನಿಯರರೂ ಅಲ್ಲ, ವಕೀಲರೂ ಅಲ್ಲ. ನಗರದ ಪೂರ್ವದ ಬಡಾವಣೆಯೊಂದರಲ್ಲಿ, 200 ಗಜದ ಜಾಗದಲ್ಲಿ ಇದ್ದ ಹಳೆಯ ನೆಲಮಹಡಿಯ ಮನೆಯನ್ನು ಕೊಂಡು, ಹತ್ತು ವರ್ಷ ಅದರಲ್ಲಿ ಬಾಳಿ, 2023ರ ಚಳಿಗಾಲದಿಂದ 2024ರ ಮಳೆಗಾಲದವರೆಗೆ ಅದರ ಮೇಲೆ ಇನ್ನೊಂದು ಅಂತಸ್ತನ್ನು ಕಟ್ಟಿಸಿದ್ದಷ್ಟೇ ನಮ್ಮ ಬಂಡವಾಳ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಡೋಣವೆನಿಸಿತು. ಸಿಮೆಂಟಿನ ದರ, ಕಬ್ಬಿಣದ ದರ ಇಲ್ಲಿಲ್ಲ. ಅವು ಓದುವ ಹೊತ್ತಿಗೆ ಹಳತಾಗಿರುತ್ತವೆ.

ಕಾಗದಪತ್ರಗಳಲ್ಲಿ ಎಲ್ಲಕ್ಕೂ ಮೊದಲು ಹುಡುಕಬೇಕಾದ ಶಬ್ದವೊಂದಿದೆ: ‘ಶಿಕಂ’. ಫಾರಸಿಯಿಂದ ಉರ್ದುವಿಗೆ ಬಂದ ಈ ಮಾತಿಗೆ ಹೊಟ್ಟೆ ಎಂದರ್ಥ. ನಿಜಾಮರ ಕಾಲದ ಕಂದಾಯ ದಫ್ತರದಲ್ಲಿ ಕೆರೆಯ ಒಡಲಿನ ನೆಲಕ್ಕೆ ಈ ಹೆಸರು. ಕಲಬುರಗಿ, ಬೀದರ, ರಾಯಚೂರಿನ ಕಡೆಯವರಿಗೆ ಪಹಣಿ, ಜಮಾಬಂದಿ, ಬೈನಾಮಾ ಇವೆಲ್ಲ ಮನೆಮಾತು. 1956ರವರೆಗೆ ಆ ಜಿಲ್ಲೆಗಳ ಲೆಕ್ಕವೂ ಹೈದರಾಬಾದಿಗೇ ಸೇರಿತ್ತಷ್ಟೆ. ಕನ್ನಡದಲ್ಲಿ ನಾವು ಕೆರೆಯಂಗಳ ಎನ್ನುತ್ತೇವೆ. ಅಂಗಳವೆಂದೊಡನೆ ಅದರ ಹಿಂದೆ ಮನೆಯೊಂದು ಇರಬಹುದೆಂಬ ಆಸೆ ಮೂಡುತ್ತದೆ. ಹೊಟ್ಟೆಯೆಂದಾಗ ಹಾಗಲ್ಲ, ಅದು ಖಾಲಿಯಿದ್ದರೂ ತುಂಬಲೆಂದೇ ಇರುವುದು. ದಫ್ತರದ ಗುಮಾಸ್ತ ಕವಿಯಲ್ಲದಿದ್ದರೂ ನಮಗಿಂತ ಸರಿಯಾದ ಮಾತನ್ನೇ ಆರಿಸಿದ್ದ.

ಶಿಕಂ ನೆಲದ ತೊಡಕು ಇರುವುದು ಅದು ಎಷ್ಟೋ ಕಡೆ ಖಾಸಗಿಯವರ ಪಟ್ಟಾ ಆಗಿರುವುದರಲ್ಲಿ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಅಲ್ಲಿ ಬೆಳೆ ತೆಗೆಯುತ್ತಿದ್ದರು. ಮಳೆಗಾಲದಲ್ಲಿ ಅದನ್ನು ಕೆರೆಗೆ ಬಿಟ್ಟುಕೊಡುತ್ತಿದ್ದರು. ಮಾಲೀಕನೆಂಬುದು ಸುಳ್ಳಲ್ಲ, ಪಟ್ಟಾ ಸುಳ್ಳಲ್ಲ, ಮಾರಾಟವೂ ಸುಳ್ಳಲ್ಲ. ಕಟ್ಟುವ ಹಕ್ಕು ಮಾತ್ರ ಇಲ್ಲ. ಆದ್ದರಿಂದ ‘ಎಲ್ಲ ದಾಖಲೆಯೂ ಅಸಲಿ’ ಎಂಬ ದಲ್ಲಾಳಿಯ ಮಾತು ನಿಜವಾಗಿದ್ದೂ ಕೊಂಡವನು ಬೀದಿಗೆ ಬೀಳಬಹುದು. 2012ರ ಕಟ್ಟಡ ನಿಯಮಗಳು, ಅಂದರೆ ಇಲ್ಲಿಯವರು ‘168 ಜೀವೋ’ ಎಂದು ಕರೆಯುವ ಆದೇಶ, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹತ್ತು ಹೆಕ್ಟೇರಿಗೂ ಮೇಲ್ಪಟ್ಟ ಕೆರೆಯಾದರೆ ಅದರ ಪೂರ್ಣ ಮಟ್ಟದ ಗೆರೆಯಿಂದ ಆಚೆಗೆ 30 ಮೀಟರು, ಅದಕ್ಕಿಂತ ಚಿಕ್ಕ ಕೆರೆ, ಕುಂಟೆ, ಶಿಕಂ ನೆಲವಾದರೆ 9 ಮೀಟರು ಏನನ್ನೂ ಕಟ್ಟುವಂತಿಲ್ಲ. ಪೂರ್ಣ ಮಟ್ಟವನ್ನು ಇಲ್ಲಿ ಎಲ್ಲರೂ ‘ಎಫ್‌ಟಿಎಲ್’ ಎನ್ನುತ್ತಾರೆ. ಚಹದ ಅಂಗಡಿಯವನಿಗೂ ಈಗ ಆ ಮಾತು ಗೊತ್ತು. ಎಚ್‌ಎಂಡಿಎ ತನ್ನ ವ್ಯಾಪ್ತಿಯ ಕೆರೆಗಳ ನಕ್ಷೆಗಳನ್ನು ಜಾಲತಾಣದಲ್ಲಿ ಇಟ್ಟಿದೆ. ಕೊಳ್ಳಬೇಕೆಂದಿರುವ ಜಾಗದ ಸರ್ವೆ ನಂಬರನ್ನು ಹಿಡಿದು, ಮುಂಗಡ ಕೊಡುವ ಮೊದಲೇ ಅಲ್ಲಿ ನೋಡತಕ್ಕದ್ದು.

ಈ ನಗರಕ್ಕೆ ನೀರಿನ ನೆನಪು ಹಳೆಯದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಈಸಿಗೂ ಒಂದೊಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕೆಂಬ ಅವರ ಸಲಹೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಆದವು. ಹೈದರಾಬಾದಿನ ಕನ್ನಡಿಗರು ಯಾವ ಸಭೆಯಲ್ಲಿಯೂ ಈ ಸಂಗತಿಯನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಸಭೆ ಮುಗಿಸಿ ಹೊರಬಂದು, ಕಡಿಮೆ ಬೆಲೆಗೆ ಸಿಗುತ್ತದೆಂದು ಕುಂಟೆಯ ದಂಡೆಯಲ್ಲಿ ಪ್ಲಾಟ್ ವಿಚಾರಿಸುವವರೂ ನಮ್ಮಲ್ಲಿದ್ದಾರೆ.

ಕೆರೆ ಹೋಗಿ ಹೆಸರು ಉಳಿಯುವುದು ಬೆಂಗಳೂರಿನವರಿಗೆ ಹೊಸತಲ್ಲ. ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಾಯಿತು. ಇಲ್ಲಿ ಮಾಸಬ್ ಟ್ಯಾಂಕ್ ಎಂಬ ಬಸ್ ನಿಲುಗಡೆಯಲ್ಲಿ ದಿನವೂ ಇಳಿಯುವವರಿಗೆ ಅಲ್ಲೊಂದು ಕೆರೆಯಿತ್ತೆಂಬುದೇ ಮರೆತಿದೆ. ಆದರೆ ನೀರು ಮರೆಯುವುದಿಲ್ಲ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಅದರ ಬೆನ್ನಿಗೇ ಹಳೆಯ ನಗರದ ಆಚೆ ಗುರ್ರಂ ಚೆರುವಿನ ಏರಿ ಒಡೆದು ಓಣಿಗಳೆಲ್ಲ ಮುಳುಗಿದವು. ಕೆಲವು ಬಡಾವಣೆಗಳಲ್ಲಿ ನೀರು ವಾರಗಟ್ಟಲೆ ಇಳಿಯಲಿಲ್ಲ. ಹೋಗಲು ಅದಕ್ಕೆ ದಾರಿಯಿರಲಿಲ್ಲ, ಅದು ತನ್ನ ಜಾಗದಲ್ಲಿಯೇ ಇತ್ತು. 2024ರ ಜುಲೈನಲ್ಲಿ ಸರಕಾರ ‘ಹೈಡ್ರಾ’ ಎಂಬ ಹೊಸ ಸಂಸ್ಥೆಯನ್ನು ನೇಮಿಸಿ ಕೆರೆಯ ಗೆರೆಯೊಳಗಿನ ಕಟ್ಟಡಗಳನ್ನು ಕೆಡವತೊಡಗಿದಾಗ ಊರೆಲ್ಲ ಎರಡು ಭಾಗವಾಯಿತು. ಸಿರಿವಂತರ ಸಭಾಭವನ ಬಿದ್ದಾಗ ಚಪ್ಪಾಳೆ ತಟ್ಟಿದವರೇ, ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಸಣ್ಣ ಮನೆ ಬಿದ್ದಾಗ ಕಣ್ಣೊರೆಸಿಕೊಂಡರು. ಎರಡೂ ಸಹಜವೇ. ಕಟ್ಟಿದವನನ್ನು ಕೆಡವುವಾಗ ಮಾತ್ರ ಹುಡುಕುತ್ತಾರೆ. ಬಡಾವಣೆ ಮಾಡಿ ಮಾರಿದವನು ಅಷ್ಟರಲ್ಲಿ ಇನ್ನೊಂದು ಕುಂಟೆಯ ಬಳಿ ಕಂಬ ನೆಡುತ್ತಿರುತ್ತಾನೆ.

ಇಂಗ್ಲಿಷ್ ಎಂ.ಎ.ಯಲ್ಲಿ ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಓದಿದವರಿಗೆ ನೆನಪಿರಬಹುದು. ಬಾಳೆಲ್ಲ ಸ್ವಂತ ಮನೆಗಾಗಿ ಹಂಬಲಿಸಿದ ಬಿಸ್ವಾಸ್ ಕೊನೆಗೆ ಸಾಲ ಮಾಡಿ ಕೊಳ್ಳುವ ಮನೆಯನ್ನು ಮಳೆಯ ಹೊತ್ತಿನಲ್ಲಿ ನೋಡಿ ಮೆಚ್ಚುತ್ತಾನೆ. ಮಧ್ಯಾಹ್ನದ ಬಿಸಿಲು ಅದನ್ನು ಹೇಗೆ ಕಾಯಿಸುತ್ತದೆಂಬುದು ಒಳಹೊಕ್ಕ ಮೇಲೆ ತಿಳಿಯುತ್ತದೆ. ಹೈದರಾಬಾದಿನಲ್ಲಿ ತಿರುವುಮುರುವು. ಇಲ್ಲಿ ಜನ ಜಾಗ ನೋಡುವುದು ಯುಗಾದಿಯ ಮುಂಚೂಣಿಯಲ್ಲಿ, ನೆಲ ಕಾದು ಬಿರಿದಿರುವಾಗ. ನಮ್ಮ ಅವ್ವನಿಗೆ ಓದುಬರಹ ಅಷ್ಟಕ್ಕಷ್ಟೆ. ನಾವು ಮನೆ ಹುಡುಕುತ್ತಿದ್ದಾಗ ಅವಳು ಕಲಬುರಗಿಯಿಂದ ಹೇಳಿ ಕಳಿಸಿದ್ದು ಒಂದೇ ಮಾತು: “ಮಳಿ ಬಂದಾಗ ಹೋಗಿ ನೋಡ್ರಿ. ಬಿಸಲಾಗ ಎಲ್ಲಾ ಜಾಗಾನೂ ಚಂದೇ ಕಾಣ್ತಾವ.” ಜುಲೈನ ಒಂದು ಜಡಿಮಳೆಯ ಮರುದಿನ ಈ ಮನೆಯನ್ನು ನೋಡಿದೆವು. ಬೀದಿಯ ನೀರು ಇಳಿದು ಹೋಗುವ ದಿಕ್ಕನ್ನು ನೋಡಿದೆವು. ಇಸ್ತ್ರಿ ಅಂಗಡಿಯವನನ್ನು, ಮೂಲೆಯ ಮನೆಯ ಮುದುಕಿಯನ್ನು ಕೇಳಿದೆವು. ಮುದುಕಿಗೆ ಸರ್ವೆ ನಂಬರು ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷದ ಹಿಂದೆ ಎಮ್ಮೆಗಳು ಎಲ್ಲಿ ನೀರಿಗಿಳಿಯುತ್ತಿದ್ದವೆಂದು ಕೈಮಾಡಿ ತೋರಿಸಿದಳು. ಅದು ನಮ್ಮ ಬೀದಿಯಿಂದ ಬಹಳ ಆಚೆ, ಇಳಿಜಾರಿನ ಕೊನೆಗಿತ್ತು. ನಕ್ಷೆಯೂ ಅದನ್ನೇ ಹೇಳಿತು.

ಉಳಿದ ಕಾಗದಗಳ ಮಾತು ಬೇಗ ಮುಗಿಯುತ್ತದೆ. ನೋಂದಣಿಯಾದ ಕ್ರಯಪತ್ರವೊಂದೇ ಒಡೆತನಕ್ಕೆ ಸಾಕ್ಷಿಯಲ್ಲ. ನೋಂದಣಿ ಕಚೇರಿ ಪತ್ರವನ್ನು ದಾಖಲಿಸುತ್ತದೆಯೇ ಹೊರತು ಮಾರುವವನ ಹಕ್ಕನ್ನು ಪರೀಕ್ಷಿಸುವುದಿಲ್ಲ. ಆದುದರಿಂದ ಹಿಂದಿನ ಕೊಂಡಿಪತ್ರಗಳನ್ನು, ಇಲ್ಲಿ ‘ಲಿಂಕ್ ಡಾಕ್ಯುಮೆಂಟ್ಸ್’ ಎನ್ನುವವನ್ನು, ಮೂಲ ಪಟ್ಟಾದಾರನವರೆಗೂ ಓದಬೇಕು. ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕಾದರೂ ತೆಗೆಸಬೇಕು. ನಿಷೇಧಿತ ಆಸ್ತಿಗಳ ಪಟ್ಟಿಯಲ್ಲಿ ಆ ಸರ್ವೆ ನಂಬರು ಇದೆಯೇ ಎಂದು ನೋಡಬೇಕು. ನೋಟರಿಯ ಮುದ್ರೆಯೊತ್ತಿದ ಕಾಗದಕ್ಕೆ, ಸಾದಾ ಬೈನಾಮಕ್ಕೆ ಮರುಳಾಗಬಾರದು. ಹಳೆಯ ಪಂಚಾಯತಿ ಬಡಾವಣೆಯಾದರೆ ವಿನ್ಯಾಸ ಸಕ್ರಮವಾಗಿದೆಯೇ ಎಂದು ಕೇಳಬೇಕು. 2020ರ ಆಗಸ್ಟಿನಲ್ಲಿ ಸರಕಾರ ಕರೆದ ಎಲ್‌ಆರ್‌ಎಸ್ ಯೋಜನೆಗೆ ಸಾವಿರ ರೂಪಾಯಿ ಕಟ್ಟಿ ಅರ್ಜಿ ಹಾಕಿದ ರಸೀತಿಯನ್ನೇ ಸಕ್ರಮದ ಪತ್ರವೆಂಬಂತೆ ತೋರಿಸುವವರುಂಟು. ಅರ್ಜಿ ಬೇರೆ, ಆದೇಶ ಬೇರೆ. ಇಷ್ಟನ್ನೂ ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಓದಿಸುವುದು ವಾಸ್ತುಪಂಡಿತರಿಗೆ ಕೊಡುವುದಕ್ಕಿಂತ ಅಗ್ಗ. ಈ ಊರಿನಲ್ಲಿ ಈಶಾನ್ಯದ ಮೂಲೆಗೆ ಸಿಗುವ ಗೌರವ ಎಫ್‌ಟಿಎಲ್ ಗೆರೆಗೆ ಸಿಕ್ಕಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು.

ಇನ್ನು ಕಟ್ಟುವ ಮಾತು. ಅವ್ವ ನಮ್ಮೊಡನೆ ಬಂದಿರತೊಡಗಿ ಮೂರು ವರ್ಷವಾಗಿತ್ತು. ಮಕ್ಕಳಿಬ್ಬರೂ ದೊಡ್ಡವರಾಗಿ ಎರಡು ಕೋಣೆಯ ಮನೆ ಸಾಲದಾಯಿತು. ಮೇಲೊಂದು ಅಂತಸ್ತು ಕಟ್ಟಿ ನಾವೂ ಮಕ್ಕಳೂ ಮೇಲಕ್ಕೆ ಹೋಗುವುದು, ಮಂಡಿನೋವಿನ ಅವ್ವ ಕೆಳಗೇ ಇರುವುದು ಎಂದು ತೀರ್ಮಾನಿಸಿದೆವು. ಮೇಸ್ತ್ರಿ ನಾರಾಯಣಪೇಟೆ ಕಡೆಯವನು. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತೆಲುಗು, ಲೆಕ್ಕದಲ್ಲಿ ಉರ್ದು. ನಕ್ಷೆಯ ಮಾತೆತ್ತಿದ್ದೇ ಅವನು ನಕ್ಕ. “ಸರ, ನಕ್ಷಾ ಗಿಕ್ಷಾ ಯಾಕ್ರಿ? ಈ ಗಲ್ಲಿದಾಗ ಮ್ಯಾಲಿನ ಮಾಳಿಗಿಗಿ ಯಾರ್ ಬಲ್ಲಿ ನಕ್ಷಾ ಅದ? ಎರಡು ತಿಂಗಳದಾಗ ಎಬ್ಬಿಸಿ ಕೊಡ್ತೀನಿ. ಆಮ್ಯಾಲ ಸ್ಕೀಮ್ ಬಂದೇ ಬರ್ತದ, ರೊಕ್ಕ ಕಟ್ಟಿದ್ರ ಮುಗೀತು.”

ಅವನ ಮಾತಿನಲ್ಲಿ ಅನುಭವವಿತ್ತು. 2007ರ ಕೊನೆಗೆ, ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿ, ಅನುಮತಿ ಮೀರಿ ಕಟ್ಟಿದವರಿಂದ ದಂಡ ಕಟ್ಟಿಸಿಕೊಂಡು ಬಿಡುವ ಯೋಜನೆ ಬಂತು. 2015ರಲ್ಲಿ ತೆಲಂಗಾಣ ಅದನ್ನೇ ಬಿಆರ್‌ಎಸ್ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಅರ್ಜಿ ಹಾಕಿದವರು ಹಾಕಿದರು, ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ಅದು ಅಲ್ಲಿಯೇ ನಿಂತಿತು. ನಮ್ಮ ಅಕ್ರಮ-ಸಕ್ರಮದ ಜಾತಕವೂ ಬೇರೆಯದಲ್ಲ. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಹೀಗಿದ್ದರೂ ಜನರ ನಂಬಿಕೆ ಅಲುಗಿಲ್ಲ. ಮಳೆ ಬರುವುದೋ ಇಲ್ಲವೋ, ಸ್ಕೀಮ್ ಬಂದೇ ಬರುತ್ತದೆ. ಇಲ್ಲಿ ಛಾವಣಿಯ ಮೇಲೆ ಅನುಮತಿಯಿಲ್ಲದೆ ಕಟ್ಟುವ ಕೋಣೆಗೆ ‘ಪೆಂಟ್ ಹೌಸ್’ ಎಂದು ಹೆಸರು. ಬೇರೆ ನಗರಗಳಲ್ಲಿ ಕೋಟ್ಯಧೀಶರು ಇರುವ ಜಾಗದ ಹೆಸರು ಇಲ್ಲಿ ತಗಡಿನ ಮಾಡಿಗೂ ಸಲ್ಲುತ್ತದೆ.

ಅನುಮತಿ ಪಡೆಯುವುದು ಕಷ್ಟವೆಂಬ ಕಾಲವೂ ಹೋಗಿದೆ ಎಂಬುದನ್ನು ಮೇಸ್ತ್ರಿಗಳು ಹೇಳುವುದಿಲ್ಲ. 2020ರ ಟಿಎಸ್-ಬಿಪಾಸ್ ಕಾಯಿದೆ ಬಂದ ಮೇಲೆ 75 ಗಜದೊಳಗಿನ ಜಾಗದಲ್ಲಿ ಒಂದು ಮಹಡಿಯವರೆಗೆ ಕಟ್ಟಲು ಅನುಮತಿಯೇ ಬೇಕಿಲ್ಲ. ಒಂದು ರೂಪಾಯಿ ಕೊಟ್ಟು ಹೆಸರು ನೋಂದಾಯಿಸಿದರೆ ಸಾಕು. 500 ಚದರ ಮೀಟರಿನವರೆಗಿನ ಜಾಗದಲ್ಲಿ 10 ಮೀಟರು ಎತ್ತರದೊಳಗಿನ ಮನೆಗೆ ಮಾಲೀಕರು ತಾವೇ ದೃಢೀಕರಿಸಿ ಅರ್ಜಿ ಹಾಕಿದೊಡನೆ ಅನುಮತಿ ದೊರೆಯುತ್ತದೆ. ಅದಕ್ಕೂ ದೊಡ್ಡದಕ್ಕೆ 21 ದಿನದ ಗಡುವು. ನಮ್ಮದು 167 ಚದರ ಮೀಟರು. ಎರಡನೆಯ ಸಾಲಿಗೆ ಸೇರಿತು. ಕೇಳಲು ಬಹಳ ಸೊಗಸು. ಆದರೆ ಸರಕಾರ ಹಿಂದೆ ಪರೀಕ್ಷಕನ ಕೈಯಲ್ಲಿಟ್ಟಿದ್ದ ಲೇಖನಿಯನ್ನು ಈಗ ನಮ್ಮ ಕೈಗೆ ಕೊಟ್ಟಿದೆ. ಜಾಗ ಕೆರೆಯ ಗೆರೆಯೊಳಗಿಲ್ಲ, ಸರಕಾರದ್ದಲ್ಲ, ವ್ಯಾಜ್ಯದಲ್ಲಿಲ್ಲ, ಸುತ್ತ ಬಿಡಬೇಕಾದಷ್ಟು ಜಾಗ ಬಿಟ್ಟಿದ್ದೇವೆ ಎಂದೆಲ್ಲ ರುಜು ಹಾಕುವವರು ನಾವು. ಅದು ಸುಳ್ಳೆಂದು ತಿಳಿದರೆ ನೋಟಿಸು ಕೊಡದೆಯೇ ಕೆಡವಬಹುದೆಂದು ಅದೇ ಕಾಯಿದೆ ಹೇಳುತ್ತದೆ. ಮೊದಲಾದರೆ ‘ಅಧಿಕಾರಿಗಳೇ ನೋಡಿ ಕೊಟ್ಟರಲ್ಲ’ ಎನ್ನಬಹುದಿತ್ತು. ಈಗ ಆ ಮಾತಿಗೆ ಜಾಗವಿಲ್ಲ.

ನಮ್ಮ ತೊಡಕು ಬಂದದ್ದು ಇಲ್ಲಿಯೇ. ನಮ್ಮಷ್ಟು ಅಳತೆಯ ಜಾಗಕ್ಕೆ ಹಿಂದೆಯೂ ಅಕ್ಕಪಕ್ಕವೂ ಒಂದೊಂದು ಮೀಟರು ಬಿಡಬೇಕು. ಮನೆಯನ್ನು ಕಟ್ಟಿದ ಮೊದಲ ಮಾಲೀಕರು 1990ರ ದಶಕದ ತಮ್ಮ ನಕ್ಷೆಯಲ್ಲಿ ಅದನ್ನು ಬಿಟ್ಟೂ ಇದ್ದರು. ಆಮೇಲೆ ಯಾವಾಗಲೋ ಪೂರ್ವದ ಬದಿಯ ಆ ಒಂದು ಮೀಟರಿನಲ್ಲಿ, ಪಕ್ಕದವರ ಗೋಡೆಗೆ ಆನಿಸಿ, ಬಚ್ಚಲುಮನೆಯೊಂದು ಎದ್ದಿತ್ತು. ನಾವು ಕೊಂಡಾಗ ಅದು ಬೆಲೆಗೆ ಸೇರಿದ ಸೌಕರ್ಯವೇ ಆಗಿತ್ತು. ಅವ್ವ ಬಂದ ಮೇಲಂತೂ ಅದು ಅವಳದೇ. ಹೊಸ್ತಿಲಿಲ್ಲದೆ, ಮೆಟ್ಟಿಲಿಲ್ಲದೆ ಅವಳ ಕೋಣೆಯಿಂದ ನೇರ ಹೋಗಬಹುದಾಗಿತ್ತು. ನಕ್ಷೆ ಬರೆದುಕೊಡುವವರು ಅದನ್ನು ಅಳೆದು, ಚಿಂತಿಸಬೇಡಿ ಎಂದರು. “ಚಿತ್ರದಲ್ಲಿ ತೋರಿಸದಿದ್ದರಾಯಿತು ಸರ್. ನಿಮ್ಮಷ್ಟು ಸಣ್ಣ ಮನೆಗೆ ಯಾರು ಬಂದು ನೋಡುತ್ತಾರೆ?”

ಯಾರೂ ಬಂದು ನೋಡುವುದಿಲ್ಲವೆಂಬುದು ಬಹುಮಟ್ಟಿಗೆ ನಿಜ. ನಮ್ಮ ಮನೆಯಲ್ಲಿ ಈ ಕುರಿತು ಎರಡು ವಾರ ಮಾತು ನಡೆಯಿತು. ಸಮಾಧಾನದ ಮಾತೇ ಆಗಿತ್ತೆಂದು ಹೇಳಲಾರೆವು. ಕೇಂದ್ರ ಸರಕಾರಿ ನೌಕರರು ಮನೆ ವಿಸ್ತರಿಸುವಾಗ ಇಲಾಖೆಗೆ ತಿಳಿಸಬೇಕು. ಗೃಹನಿರ್ಮಾಣ ಮುಂಗಡ ಬೇಕಾದರೆ ಮಂಜೂರಾದ ನಕ್ಷೆ ಕೊಡಬೇಕು. ವಿಸ್ತರಣೆಗೆ ಸಿಗುವುದು 34 ತಿಂಗಳ ಮೂಲವೇತನ ಅಥವಾ 10 ಲಕ್ಷ, ಎರಡರಲ್ಲಿ ಕಡಿಮೆಯಾದುದು. ನಕ್ಷೆಯಿಲ್ಲದೆ ಕಟ್ಟುವ ದಾರಿ ನಮಗೆ ಆ ಕಾರಣಕ್ಕೇ ಮುಚ್ಚಿತ್ತು. ಆದರೆ ಬಚ್ಚಲನ್ನು ಬಿಟ್ಟು ಚಿತ್ರ ಬರೆಯುವ ದಾರಿಗೆ ಇಲಾಖೆಯೇನೂ ಅಡ್ಡವಿರಲಿಲ್ಲ. ಅದನ್ನು ತಿಳಿಯುತ್ತಿದ್ದವರು ನಾವು, ಅವ್ವ, ಮತ್ತು ಗೋಡೆಯಾಚೆಯ ನಿವೃತ್ತ ಉಪಾಧ್ಯಾಯರು. ಕಚೇರಿಯಲ್ಲಿ ದಿನವೂ ಇನ್ನೊಬ್ಬರ ಸ್ವಯಂ ದೃಢೀಕರಣವನ್ನು ನಂಬಿ ಕಡತ ಮುಂದಕ್ಕೆ ಕಳಿಸುವ ಕೆಲಸ ನಮ್ಮದು. ಬಿಳಿ ಹಾಳೆಯ ಕೆಳಗೆ ‘ಮೇಲಿನದೆಲ್ಲ ಸತ್ಯ’ ಎಂದು ಬರೆದವರನ್ನು ನಾವು ನಂಬದಿದ್ದರೆ ಒಂದು ದಿನವೂ ಕಚೇರಿ ನಡೆಯದು. ಅದೇ ವಾಕ್ಯದ ಕೆಳಗೆ ಈಗ ನಮ್ಮ ಹೆಸರು ಬರಬೇಕಿತ್ತು.

ಬಚ್ಚಲನ್ನು ಒಡೆಯುವುದೆಂದಾಯಿತು. ಅವ್ವನಿಗೆ ಹೇಳುವ ಸರದಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಂದೆ ಮಾಡಿದೆವು. ಅವಳು ಕೇಳಿದ್ದು ಸರಳವಾದ ಪ್ರಶ್ನೆ: “ಗೌರ್ಮೆಂಟಿಗಿ ಅದೇನ್ ಅಡ್ಡ ಬಂದದ?” ಉತ್ತರ ನಮ್ಮಲ್ಲಿರಲಿಲ್ಲ. ಗಾಳಿ, ಬೆಳಕು, ಬೆಂಕಿ ಬಿದ್ದರೆ ಓಡಾಡಲು ದಾರಿ, ಮಳೆನೀರು ಇಂಗಲು ನೆಲ ಎಂದು ನಿಯಮದ ಕಾರಣಗಳನ್ನೆಲ್ಲ ಒಪ್ಪಿಸಿದೆವು. ಎಪ್ಪತ್ತೆಂಟು ವಯಸ್ಸಿನ ಮಂಡಿಗೆ ಅವು ಯಾವುವೂ ಉತ್ತರವಲ್ಲ. ಅವಳು ನಾಲ್ಕು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಐದನೆಯ ದಿನ ತಾನೇ ಬಂದು, ಒಳಗಿನ ಸಾಮಾನು ಕೋಣೆಯನ್ನು ತೋರಿಸಿ, “ಇಲ್ಲೇ ಮಾಡ್ರಿ, ಹೊಸ್ತಿಲ ಇಡಬ್ಯಾಡ್ರಿ” ಎಂದಳು. ಹಾಗೆಯೇ ಆಯಿತು. ಸಾಮಾನು ಕೋಣೆ ಹೋಯಿತು. ಹತ್ತು ವರ್ಷದ ಕಡತ, ಪತ್ರಿಕೆ, ಹಿತ್ತಾಳೆ ಪಾತ್ರೆಗಳೆಲ್ಲ ಈಗಲೂ ಮಂಚದ ಕೆಳಗಿವೆ.

ಕಟ್ಟುವುದರ ಬಗ್ಗೆ ನಾಲ್ಕು ಮಾತು. ನಮ್ಮ ಹಳೆಯ ಮನೆ ಕಂಬ-ತೊಲೆಗಳದ್ದಲ್ಲ. ಒಂಬತ್ತಂಗುಲದ ಇಟ್ಟಿಗೆ ಗೋಡೆಯೇ ಭಾರ ಹೊರುವಂಥದು. ಅಂಥ ಮನೆಯ ಮೇಲೆ ಮಹಡಿ ಏರಿಸುವ ಮೊದಲು ರಚನಾ ಎಂಜಿನಿಯರರಿಂದ ಪರೀಕ್ಷೆ ಮಾಡಿಸದೆ ಒಂದು ಇಟ್ಟಿಗೆಯನ್ನೂ ಇಡಬಾರದು. ಅವರು ಎರಡು ಕಡೆ ಬುನಾದಿಯ ಪಕ್ಕ ಅಗೆಸಿ ಆಳ ನೋಡಿದರು. ಕೆಳಗೆ ಗಟ್ಟಿಯಾದ ಮೊರಂ ಇತ್ತು. ನಮ್ಮ ಕಲಬುರಗಿಯ ಎರೆಮಣ್ಣಾಗಿದ್ದರೆ, ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಆ ನೆಲದಲ್ಲಿ, ಬೇರೆಯೇ ಕತೆಯಾಗುತ್ತಿತ್ತು. ಛಾವಣಿಯ ಕಾಂಕ್ರೀಟನ್ನು ಸುತ್ತಿಗೆಯಂಥ ಒಂದು ಉಪಕರಣದಿಂದ ತಟ್ಟಿ ಪರೀಕ್ಷಿಸಿದರು. ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು, ಹಗುರವಾದ ಎಎಸಿ ಬ್ಲಾಕುಗಳಿಂದ ಕಟ್ಟಬೇಕು, ಮೂರನೆಯ ಅಂತಸ್ತಿನ ಕನಸು ಕಾಣಬಾರದು ಎಂಬ ಮೂರು ಷರತ್ತು ಹಾಕಿದರು. ನೀರಿನ ತೊಟ್ಟಿಯನ್ನು ಕೋಣೆಯ ನಡುಮಧ್ಯಕ್ಕೆ ಬರುವಂತೆ ಇಡಲು ಹೊರಟ ಮೇಸ್ತ್ರಿಯನ್ನು ಅವರೇ ತಡೆದರು. ಸಾವಿರ ಲೀಟರು ನೀರೆಂದರೆ ಒಂದು ಟನ್ನು. ಜನ ಅದನ್ನು ನೀರೆಂದು ಎಣಿಸುತ್ತಾರೆ, ಗೋಡೆ ಅದನ್ನು ಭಾರವೆಂದು ಎಣಿಸುತ್ತದೆ.

ಛಾವಣಿ ಹಾಕಿದ್ದು ಏಪ್ರಿಲಿನಲ್ಲಿ. ಸಾಧ್ಯವಿರುವವರು ಅದನ್ನು ಜನವರಿಗೆ ಮುಗಿಸುವುದು ಮೇಲು. ಈ ಊರಿನ ಏಪ್ರಿಲಿನಲ್ಲಿ ಕಾಂಕ್ರೀಟಿಗೆ ನೀರು ಕುಡಿಸುವುದು ಕೂಸಿಗೆ ಕುಡಿಸಿದಂತೆ, ಹಗಲು ರಾತ್ರಿ ಎನ್ನದೆ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ ಒದ್ದೆ ಬೇಕು. ಕೊಳವೆಬಾವಿ ಬತ್ತಿತ್ತು, ಟ್ಯಾಂಕರ್ ತರಿಸಿದೆವು. ಆ ಲೆಕ್ಕವನ್ನು ಯಾವ ಗುತ್ತಿಗೆದಾರರೂ ಅಂದಾಜಿನಲ್ಲಿ ಸೇರಿಸುವುದಿಲ್ಲವೆಂದು ತಿಳಿದಿರಲಿ. ನೆಲಕ್ಕೆ ಟೈಲ್ಸು ಬೇಡವೆಂದವಳು ಅವ್ವ. ಮೇಲೆ ಹತ್ತಲಾರದವಳಿಗೆ ಮೇಲಿನ ನೆಲದ ಚಿಂತೆಯೇಕೆಂದು ಮಕ್ಕಳು ನಕ್ಕರು. ಅವಳ ಹಟಕ್ಕೆ ತಾಂಡೂರಿನ ಕಲ್ಲು ಬಂತು. ಶಹಾಬಾದಿನ ಫರಸಿಗೂ ತಾಂಡೂರಿನ ಕಲ್ಲಿಗೂ ಭೀಮಾ ತೀರದ ಸುಣ್ಣಗಲ್ಲಿನ ಅದೇ ಹಾಸು ತಾಯಿ, ನಡುವೆ ರಾಜ್ಯದ ಗಡಿಯಷ್ಟೆ. ಮೇ ತಿಂಗಳಲ್ಲಿ ಅದರ ಮೇಲೆ ಚಾಪೆಯೂ ಇಲ್ಲದೆ ಮಲಗಿದ್ದವರು ಆ ನಕ್ಕ ಮಕ್ಕಳೇ. ಛಾವಣಿಗೆ ಬಿಳಿಯ ಶಾಖನಿರೋಧಕ ಬಣ್ಣ ಹೊಡೆಸಿದೆವು. ವಾಸದ ಮನೆಗಳ ಮಟ್ಟಿಗೆ ತೆಲಂಗಾಣದ 2023ರ ತಂಪು ಛಾವಣಿ ನೀತಿ ಅದನ್ನು ಕಡ್ಡಾಯ ಮಾಡಿರುವುದು 600 ಗಜ ಮತ್ತು ಮೇಲ್ಪಟ್ಟ ಜಾಗದವಕ್ಕೆ. ಸಣ್ಣ ಮನೆಯವರಿಗೆ ಬಿಸಿಲೇ ಕಡ್ಡಾಯ ಮಾಡುತ್ತದೆ.

ಬಚ್ಚಲು ಒಡೆದ ಜಾಗದಲ್ಲಿ ಒಂದು ಇಂಗುಗುಂಡಿ ತೋಡಿಸಿದೆವು. ತೆಲುಗಿನವರು ಇಂಕುಡುಗುಂತ ಎನ್ನುತ್ತಾರೆ; ಮೇಸ್ತ್ರಿಗೆ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯಿತು. ಗುಂಡಿ ಬುನಾದಿಗೆ ತೀರ ಹತ್ತಿರವಿರಬಾರದೆಂದು ಎಂಜಿನಿಯರರು ಅದನ್ನು ಮುಂಭಾಗದ ಅಂಗಳದ ಕಡೆಗೆ ಸರಿಸಿದರು. ಹಾಗಾಗಿ ಪೂರ್ವದ ಒಂದು ಮೀಟರು ಉದ್ದಕ್ಕೂ ಬರಿದೇ ಉಳಿಯಿತು. ಅಲ್ಲಿ ಏನಾದರೂ ಮಾಡಬೇಕೆಂದು ಮನೆಗೆ ಬಂದವರೆಲ್ಲ ಸಲಹೆ ಕೊಟ್ಟಿದ್ದಾರೆ. ತಗಡು ಹೊದಿಸಿದರೆ ಸ್ಕೂಟರು ನಿಲ್ಲಿಸಬಹುದಂತೆ.

ಗೋಡೆಯಾಚೆಯ ಉಪಾಧ್ಯಾಯರು ಒಡೆಯುವಾಗ ದೂಳಿಗೆ ಕಿಟಕಿ ಮುಚ್ಚಿಕೊಂಡಿದ್ದರೇ ಹೊರತು ಏನನ್ನೂ ಆಡಿರಲಿಲ್ಲ. ಹತ್ತು ವರ್ಷ ನಮ್ಮೊಡನೆ ಹಬ್ಬದ ಪಾಯಸ, ಉಪ್ಪಿನಕಾಯಿ ಹಂಚಿಕೊಂಡವರು. ಜೂನ್ ಕೊನೆಯಲ್ಲಿ, ಆ ವರ್ಷದ ನಾಲ್ಕಾರು ಒಳ್ಳೆಯ ಮಳೆ ಹೊಯ್ದ ಮೇಲೆ, ಒಂದು ಸಂಜೆ ನಮ್ಮನ್ನು ಒಳಗೆ ಕರೆದರು. ಅವರ ದೇವರ ಕೋಣೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಹಳೆಯ ಕಲೆಯೊಂದಿತ್ತು, ಸುಣ್ಣ ಹಳದಿಗಟ್ಟಿ ಪದರ ಎದ್ದಿತ್ತು. ಅವರು ಅದರ ಮೇಲೆ ಅಂಗೈಯಿಟ್ಟು, “ಗೋಡ ಆರಿಂದಿ ಸರ್” ಎಂದರು. ಕನ್ನಡಿಗರಿಗೆ ಆ ಮಾತಿಗೆ ಅನುವಾದ ಬೇಡ. ಎಷ್ಟು ವರ್ಷದಿಂದ ಹಾಗಿತ್ತೆಂದು ಕೇಳಿದೆವು. ನೀವು ಬರುವುದಕ್ಕೂ ಮೊದಲಿನಿಂದ, ಎಂದರು. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಪೆದ್ದಮ್ಮಗಾರು ಅಲ್ಲೇ ಸ್ನಾನ ಮಾಡುತ್ತಾರಲ್ಲ, ಹೇಗೆ ಹೇಳುವುದು?” ಎಂದರು. ಅವ್ವನ ಪ್ರಶ್ನೆಗೆ ಆರು ತಿಂಗಳ ಮೇಲೆ ದೊರೆತ ಉತ್ತರವನ್ನು ಅವಳಿಗೆ ತಲುಪಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೌರ್ಮೆಂಟಿಗಲ್ಲ, ಮಾಸ್ತರಿಗಿ ಅಡ್ಡಾಗಿತ್ತ ನೋಡು” ಎಂದಳು. ಮರುದಿನ ಅವರ ಮನೆಗೆ ಒಂದು ಡಬ್ಬಿ ಶೇಂಗಾ ಚಟ್ನಿ ಹೋಯಿತು.

ಕೆಲಸ ಮುಗಿದ ವರದಿಯನ್ನು ಇಲಾಖೆಗೆ ಕೊಟ್ಟಿದ್ದೇವೆ. ಹೊಸ ಛಾವಣಿಯೂ ಹಳೆಯ ಗೋಡೆಯೂ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆ. ಬರುವುದು ಸಹಜ, ಒಂದು ಬೇಸಗೆ ಒಂದು ಮಳೆಗಾಲ ಕಳೆಯಲಿ, ಆಮೇಲೆ ಮುಚ್ಚಿದರಾಯಿತು ಎಂದು ಎಂಜಿನಿಯರರು ಹೇಳಿದ್ದಾರೆ. ಅಂಥದನ್ನು ಕಂಡವರು ಗಾಬರಿಬಿದ್ದು ಆಗಲೇ ಪುಟ್ಟಿ ಹಚ್ಚಬಾರದು. ಸೀಸದಕಡ್ಡಿಯಿಂದ ಅದರ ಎರಡೂ ತುದಿಗೆ ಗುರುತು ಹಾಕಿ, ದಿನಾಂಕ ಬರೆದು, ಬೆಳೆಯುತ್ತಿದೆಯೇ ಎಂದು ನೋಡುತ್ತಿರಬೇಕು. ನಮ್ಮದು ಇನ್ನೂ ಬೆಳೆದಿಲ್ಲ. ಉಪಾಧ್ಯಾಯರ ಮಗ ದುಬೈಯಿಂದ ಬಂದಿದ್ದಾನೆ, ಅವರೂ ಮೇಲೊಂದು ಅಂತಸ್ತಿನ ಯೋಚನೆಯಲ್ಲಿದ್ದಾರೆ. ತಮ್ಮ ಕಡೆಯ ಒಂದು ಮೀಟರು ಎಲ್ಲಿಗೆ ಬರುತ್ತದೆಂದು ಅಳೆಯಲು ನಮ್ಮ ಟೇಪು ಒಯ್ದರು. ಅದು ಇನ್ನೂ ಅವರ ಮನೆಯಲ್ಲಿಯೇ ಇದೆ.